ಕಪ್ಪು ಬಟ್ಟೆಯಡಿಯ ಕೂದಲು

ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ ಗಾಜಿನ ಚಾವಣಿಯ ಉದ್ದನೆಯ ಕೋಣೆಯೊಂದಿದೆ. ಬಾಗಿಲ ಮೇಲಿನ ಫಲಕದಲ್ಲಿ ಏನೋ ದೊಡ್ಡ ಹೆಸರಿದ್ದರೂ ಎಲ್ಲರ ಬಾಯಲ್ಲಿ ಅದು ಬೇರಿನ ಕೋಣೆ. ಅಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ದುಡಿಯುತ್ತಿರುವ ಹೆಂಗಸು ಬೇರಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಯಾರಾದರೂ ಆ ಹೆಸರಿನಿಂದ ಕರೆದರೆ ಅವಳೇ ಒಂದು ಗಳಿಗೆ ಹಿಂದೆ ತಿರುಗಿ ಬೇರೆ ಯಾರಿದ್ದಾರೆಂದು ನೋಡುತ್ತಾಳೆ.

ಕಾಂಡವಾದರೆ ಅಡಿಕೋಲು ಹಿಡಿದು ಅಳೆಯಬಹುದು, ಎಲೆಯಾದರೆ ಎಣಿಸಬಹುದು. ಬೇರಿನ ಕತೆ ಹಾಗಲ್ಲ. ಅಗೆದರೆ ಸಾಯುತ್ತದೆ, ಅಗೆಯದಿದ್ದರೆ ಕಾಣುವುದಿಲ್ಲ. ಅದಕ್ಕೆಂದೇ ಆ ಕೋಣೆಯಲ್ಲಿ ಎದೆಯೆತ್ತರದ ಹನ್ನೆರಡು ಪೆಟ್ಟಿಗೆಗಳಿದ್ದವು. ಮೂರು ಬದಿ ಮರ, ಮುಂದಿನ ಬದಿ ಗಾಜು. ಪೆಟ್ಟಿಗೆಗಳನ್ನು ಗಾಜಿನ ಕಡೆಗೆ ಬಾಗಿಸಿ ನಿಲ್ಲಿಸಿದ್ದರು. ನೇರ ಕೆಳಕ್ಕೆ ಇಳಿಯಲು ಹೊರಟ ಬೇರು ಗಾಜಿಗೆ ತಾಗಿ, ಅದಕ್ಕೇ ಒರಗಿಕೊಂಡು ಇಳಿಯುತ್ತ ಹೋಗುತ್ತದೆ. ಬೇರಿಗೆ ಬೆಳಕು ಕಂಡರಾಗದು. ಆದ್ದರಿಂದ ನಾಲ್ಕು ನಾಲ್ಕು ಪೆಟ್ಟಿಗೆಗೆ ಒಂದರಂತೆ ಮೂರು ದಪ್ಪ ಕಪ್ಪು ಬಟ್ಟೆಗಳು ಗಾಜಿನ ಮುಂದೆ ಇಳಿಬಿದ್ದಿದ್ದವು. ಅವನ್ನು ಹೊಲಿದುಕೊಟ್ಟವನು ಬೇರಕ್ಕನ ಗಂಡ. ದರ್ಜಿ.

ಪ್ರತಿ ಸೋಮವಾರ ಬೆಳಿಗ್ಗೆ ಬೇರಕ್ಕ ಬಟ್ಟೆ ಮೇಲೆತ್ತಿ, ಗಾಜಿನ ಮೇಲೆ ಪಾರದರ್ಶಕ ಹಾಳೆ ಹಚ್ಚಿ, ಕಂಡ ಬೇರನ್ನೆಲ್ಲ ಪೆನ್ನಿನಲ್ಲಿ ತಿದ್ದುತ್ತಿದ್ದಳು. ವಾರಕ್ಕೊಂದು ಬಣ್ಣ. ಮೊದಲ ವಾರ ಕೆಂಪು, ಎರಡನೆಯ ವಾರ ನೀಲಿ, ಹೀಗೆ. ಆಮೇಲೆ ಹಾಳೆಯನ್ನು ಚೌಕಳಿ ಗೆರೆಗಳ ಮೇಲಿಟ್ಟು, ಬೇರಿನ ಗೆರೆ ಚೌಕಳಿಯ ಗೆರೆಯನ್ನು ಎಷ್ಟು ಕಡೆ ದಾಟಿದೆ ಎಂದು ಎಣಿಸಬೇಕು. ಆ ಎಣಿಕೆಯನ್ನು ಹನ್ನೊಂದರಿಂದ ಗುಣಿಸಿ ಹದಿನಾಲ್ಕರಿಂದ ಭಾಗಿಸಿದರೆ ಬೇರಿನ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಚೌಕಳಿ ಮಾತ್ರ ಒಂದು ಸೆಂಟಿಮೀಟರಿನದಾಗಿರಬೇಕು.

ಈ ಲೆಕ್ಕವನ್ನೂ ಅವಳು ಕುರುಡಾಗಿ ನಂಬಿದವಳಲ್ಲ. ವಾರವಾರ ಎಣಿಕೆಗೆ ಮೊದಲು, ಗಂಡ ಕತ್ತರಿಸಿ ಕೊಟ್ಟ ಒಂದು ಮೀಟರ್ ಕಪ್ಪು ದಾರವನ್ನು ತುಂಡು ತುಂಡು ಮಾಡಿ ಚೌಕಳಿಯ ಮೇಲೆ ಚೆಲ್ಲಿ ಎಣಿಸುತ್ತಿದ್ದಳು. ನೂರ ಇಪ್ಪತ್ತೇಳರ ಆಸುಪಾಸು ಬಂದರೆ ತನ್ನ ಕಣ್ಣು ನೆಟ್ಟಗಿದೆ ಎಂದರ್ಥ. ಒಂದು ಸೋಮವಾರ ಮೂರು ಸಲ ಚೆಲ್ಲಿದರೂ ನೂರ ಹದಿನೈದರ ಆಚೀಚೆಯೇ ಬಂತು. ಕನ್ನಡಕ ಬದಲಿಸಬೇಕೇನೋ ಎಂದು ಸಂಜೆ ಮನೆಗೆ ಹೋಗಿ ಗಂಡನನ್ನೇ ಹಿಡಿದಳು.

"ರೀ, ದಾರ ಎಷ್ಟು ಕತ್ತರಿಸಿದ್ರಿ?"

ಅವನು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ನಕ್ಕ. "ತೊಂಬತ್ತು. ನಿಂಗೆ ಗೊತ್ತಾಗುತ್ತೋ ಇಲ್ವೋ ನೋಡೋಣ ಅಂತ."

ಆ ದಿನದಿಂದ ದಾರವನ್ನು ಅವಳೇ ಅಳೆದು ಕತ್ತರಿಸತೊಡಗಿದಳು. ಅಳತೆಪಟ್ಟಿಯನ್ನು ಇನ್ನೊಂದು ಅಳತೆಪಟ್ಟಿಯ ಪಕ್ಕ ಇಟ್ಟು ನೋಡಿದ ಮೇಲೆ.

ಅವಳ ಸ್ವಭಾವವೇ ಹಾಗೆ. ಕೆಲಸಕ್ಕೆ ಸೇರಿದಾಗ ಮೊದಲ ಆರು ವರ್ಷ ತೊಟ್ಟಿಯ ಮುಂದೆ ಕೂತು, ಮಣ್ಣಿನ ಹೆಂಟೆಗಳನ್ನು ನೆನೆಹಾಕಿ, ಜರಡಿಯ ಮೇಲೆ ನೀರು ಹಾಯಿಸಿ ಬೇರು ತೊಳೆದವಳು. ಹಿಂದಿನ ಬೆಳೆಯ ಸತ್ತ ಬೇರು ಈಗಿನ ಬದುಕಿದ ಬೇರಿನ ನಡುವೆ ಸೇರಿಕೊಂಡಿರುತ್ತದೆ. ಚಿಮುಟದಲ್ಲಿ ಒಂದೊಂದನ್ನೇ ಎತ್ತಿ, ಬಗ್ಗಿಸಿ, ಮುರಿಯುತ್ತದೋ ಬಾಗುತ್ತದೋ ನೋಡಿ ಬೇರ್ಪಡಿಸಬೇಕು. ಆರು ವರ್ಷ ಈ ಕೆಲಸ ಮಾಡಿದವರಿಗೆ ಬೆಳ್ಳಗಿರುವುದೆಲ್ಲ ಬದುಕಿದೆ ಎಂದು ಯಾರಾದರೂ ಹೇಳಿದರೆ ನಂಬಿಕೆ ಬರುವುದಿಲ್ಲ. ಮನೆಯಲ್ಲೂ ಅಷ್ಟೇ. ಗ್ಯಾಸ್ ಆರಿಸಿ ಬಂದೆ ಎಂದು ಗಂಡ ಹೇಳಿದರೆ, ಅವನ ಬೆನ್ನ ಹಿಂದೆಯೇ ಅಡುಗೆಮನೆಗೆ ಹೋಗಿ ನೋಡಿ ಬರುತ್ತಿದ್ದಳು.

ಅಂಥವಳ ಕೋಣೆಗೆ ಒಂದು ದಿನ ಕ್ಯಾಮೆರಾ ಬಂತು.

ಕ್ಯಾಮೆರಾ ಬೆರಳಷ್ಟು ದಪ್ಪ, ಉದ್ದನೆಯ ಕೋಲಿನ ತುದಿಯಲ್ಲಿತ್ತು. ಪ್ರತಿ ಪೆಟ್ಟಿಗೆಯ ಮಣ್ಣಿನೊಳಗೆ ಓರೆಯಾಗಿ ಒಂದು ಪಾರದರ್ಶಕ ಕೊಳವೆ ಇಳಿಸಿ, ಅದರೊಳಗೆ ಕೋಲು ತೂರಿಸಿ, ಕೊಳವೆಯ ಮೈಗೆ ಅಂಟಿದ ಬೇರಿನ ಚಿತ್ರ ತೆಗೆಯುವುದು. ಅದರ ಜೊತೆ ಬಂದವನು ನಲವತ್ತರ ಹತ್ತಿರದ, ಗಟ್ಟಿಯಾಗಿ ಮಾತಾಡದ ಗಂಡಸು. ಒಪ್ಪಂದದ ಮೇಲಿನ ಕೆಲಸ. ಮೊದಲ ದಿನವೇ ಬೇರಕ್ಕ ಅವನಿಗೆ ಇಣುಕಪ್ಪ ಎಂದು ಹೆಸರಿಟ್ಟಳು. ವಾರ ಕಳೆಯುವುದರೊಳಗೆ ಕೇಂದ್ರದ ತುಂಬ ಅದೇ ಹೆಸರಾಯಿತು.

ಕೇಂದ್ರದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ಇಬ್ಬರನ್ನೂ ಕೂರಿಸಿ ಹೇಳಿದರು. "ಒಂದು ಬೆಳೆ, ಹತ್ತು ವಾರ. ಅದೇ ಹನ್ನೆರಡು ಪೆಟ್ಟಿಗೆ. ಬೇರಕ್ಕ ಗಾಜಿನಿಂದ ಅಳೀಲಿ, ಇವರು ಕೊಳವೆಯಿಂದ ಅಳೀಲಿ. ಕೊನೆಗೆ ಪೆಟ್ಟಿಗೆ ಬಿಚ್ಚಿ ಬೇರು ತೊಳೆದು ನಿಜ ಎಷ್ಟು ಅಂತ ನೋಡೋಣ. ಯಾರ ಲೆಕ್ಕ ನಿಜಕ್ಕೆ ಹತ್ತಿರವೋ ಆ ವಿಧಾನ ಉಳಿಯುತ್ತೆ. ಅಲ್ಲಿವರೆಗೆ ಒಬ್ಬರ ಅಂಕಿ ಇನ್ನೊಬ್ಬರು ನೋಡೋ ಹಾಗಿಲ್ಲ."

"ಗಾಜು ಉಳೀದಿದ್ರೆ?" ಬೇರಕ್ಕ ಕೇಳಿದಳು.

"ಪೆಟ್ಟಿಗೆ ತೆಗೆಸ್ತೀವಿ. ನಿಮಗೆ ಬೀಜದ ಉಗ್ರಾಣದಲ್ಲಿ ಜಾಗ ಇದೆಯಲ್ಲ."

ಬೀಜದ ಉಗ್ರಾಣವೆಂದರೆ ಕಿಟಕಿಯಿಲ್ಲದ ಕೋಣೆ. ಚೀಲಗಳಿಗೆ ಚೀಟಿ ಹಚ್ಚುವ ಕೆಲಸ. ಅಲ್ಲಿ ಬೆಳೆಯುವಂಥದ್ದು ಏನೂ ಇಲ್ಲ. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು.

ಮೂರನೆಯ ವಾರ ಇಣುಕಪ್ಪ ಹತ್ತಿರ ಬಂದು ನಿಂತ. "ಅಕ್ಕಾ, ಒಂದು ಮಾತು. ನಿಮ್ಮ ಹಾಳೇಲಿ ಮೇಲ್ಗಡೆ, ಒಂದು ಗೇಣಿನೊಳಗೆ, ಬೇರು ಜಾಸ್ತಿ ಇದೆಯಾ, ಕಮ್ಮಿ ಇದೆಯಾ? ಅಷ್ಟು ಹೇಳಿದ್ರೆ ಸಾಕು."

"ಈಗ ಅಷ್ಟು ಹೇಳಿದ್ರೆ ಸಾಕು. ನಾಳೆ ಇಷ್ಟು ಹೇಳಿದ್ರೆ ಸಾಕು. ನಾಳಿದ್ದು ರಿಜಿಸ್ಟರೇ ಕೊಟ್ಟುಬಿಡಿ, ಸಾಕು. ಮೇಡಂ ಏನಂದಿದ್ದಾರೆ ನೆನಪಿದೆ ತಾನೆ?"

"ಇದೆ, ಬಿಡಿ," ಎಂದು ಅವನು ಕೋಲು ಒರೆಸುತ್ತ ಹೋದ. ಅವನು ಬಾಗಿಲು ದಾಟುವವರೆಗೂ ಬೇರಕ್ಕ ಕಣ್ಣು ಕೀಳಲಿಲ್ಲ. ಮೇಲಿನ ಒಂದು ಗೇಣನ್ನೇ ಯಾಕೆ ಕೇಳಿದ?

ನಾಲ್ಕನೆಯ ಸೋಮವಾರ ನಡುವಿನ ನಾಲ್ಕು ಪೆಟ್ಟಿಗೆಗಳ ಗಾಜು ಒಳಗಡೆ ಬೆವರಿತ್ತು. ಕಾರಣ ತಿಳಿಯಲಿಲ್ಲ. ರಿಜಿಸ್ಟರಿನ ಷರಾ ಅಂಕಣದಲ್ಲಿ 'ಐದರಿಂದ ಎಂಟು, ಗಾಜು ಬೆವರಿದೆ' ಎಂದು ಬರೆದು ಸುಮ್ಮನಾದಳು. ಐದನೆಯ ಸೋಮವಾರದ ಎಣಿಕೆ ತಾಳೆಯಾಗಲಿಲ್ಲ. ಉಳಿದ ಎಂಟು ಪೆಟ್ಟಿಗೆಗಳಲ್ಲಿ ವಾರದ ಹೊಸ ಬೇರು ಸರಾಸರಿ ಇನ್ನೂರ ನಲವತ್ತು ಸೆಂಟಿಮೀಟರ್, ನಡುವಿನ ನಾಲ್ಕರಲ್ಲಿ ನೂರ ಎಪ್ಪತ್ತೊಂದು. ಎರಡು ಸಲ ಎಣಿಸಿದಳು. ದಾರ ಚೆಲ್ಲಿ ನೋಡಿದಳು. ಕಣ್ಣು ನೆಟ್ಟಗೇ ಇತ್ತು.

ಆರನೆಯ ಸೋಮವಾರ ಆ ನಾಲ್ಕು ಪೆಟ್ಟಿಗೆಗಳು ಚೇತರಿಸಿಕೊಂಡಿದ್ದವು. ಇನ್ನೂರ ಮೂವತ್ತೆಂಟು. ಬೇರೆ ದಿನವಾಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಆದರೆ ಗಾಜಿನ ಒಳಮೈಯಲ್ಲಿ, ಐದನೆಯ ಪೆಟ್ಟಿಗೆಯಿಂದ ಎಂಟನೆಯದರವರೆಗೆ, ತೆಳ್ಳನೆಯ ಹಸಿರು ಪೊರೆ ಕಂಡಿತು. ಪಾಚಿ. ಬೆಳಕಿಲ್ಲದ ಕಡೆ ಪಾಚಿ ಹುಟ್ಟುವುದಿಲ್ಲ. ವಾರಕ್ಕೊಮ್ಮೆ ತಾನು ಬಟ್ಟೆ ಎತ್ತುವುದು ಹನ್ನೆರಡಕ್ಕೂ ಒಂದೇ. ಹಾಗಿದ್ದರೆ ಈ ನಾಲ್ಕಕ್ಕೆ ಮಾತ್ರ ಬೆಳಕು ತೋರಿಸಿದವರು ಯಾರು?

ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಂದು ಅವಳ ಸೆರಗಿನ ತುದಿಯಲ್ಲಿ.

ಸಂಜೆ ಗಂಡ ಒಂದು ಕೋಟಿನ ತೋಳಿಗೆ ಗುಂಡಿಯ ಕಾಜ ಹೊಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು.

"ಅವನು ನಿನ್ನ ಬೇರು ಹಾಳು ಮಾಡ್ತಿದ್ದಾನೆ ಅಂತೀಯ?"

"ನಂದು ಸುಳ್ಳಾದ್ರೆ ಅವನದು ನಿಜ ಆಗುತ್ತಲ್ಲ. ಇನ್ನೇನು ಬೇಕು?"

"ನಿನ್ನ ಅನುಮಾನಕ್ಕೆ ಅಳತೆ ತಗೊಂಡು ಬಟ್ಟೆ ಹೊಲಿ ಅಂದ್ರೆ ಅಂಗಡಿಯ ಥಾನೆಲ್ಲ ಸೇರಿಸಿದ್ರೂ ಒಂದು ತೋಳಿಗೂ ಸಾಲಲ್ಲ ಕಣೆ."

"ನಗ್ರಿ, ನಗ್ರಿ. ಬಟ್ಟೆ ಅಂಚಿಗೆ ಒಂದು ಕೂದಲು ಅಂಟಿಸಿಡ್ತೀನಿ. ಎತ್ತಿದ್ರೆ ಕಿತ್ತುಹೋಗಬೇಕು."

"ಫ್ಯಾನ್ ಗಾಳಿಗೇ ಕಿತ್ತುಹೋಗುತ್ತೆ."

"ಅದಕ್ಕೇ ಒಳಗಡೆ ಅಂಟಿಸ್ತೀನಿ. ಬಟ್ಟೆಗೂ ಗಾಜಿಗೂ ನಡುವೆ."

ಅವನ ಸೂಜಿ ಅರ್ಧದಲ್ಲಿ ನಿಂತಿತು. "ಒಳಗಿದ್ರೆ ನೋಡೋಕೆ ನೀನೂ ಎತ್ತಬೇಕಲ್ಲ?"

"ನಾನು ಎತ್ತೋದು ಕೆಲಸಕ್ಕೆ. ಅವನು ಎತ್ತೋದು ಕೇಡಿಗೆ."

ಅವನು ಮತ್ತೆ ಸೂಜಿ ಆಡಿಸಿದ. ಹೆಂಡತಿ ಆ ದನಿಯಲ್ಲಿ ಮಾತಾಡಿದ ಮೇಲೆ ಮಾತು ಮುಂದುವರಿಸಿ ಅವನಿಗೆ ಅಭ್ಯಾಸವಿರಲಿಲ್ಲ.

ಮಾರನೆಯ ದಿನ ತನ್ನ ಜಡೆಯಿಂದಲೇ ಐದು ಕೂದಲು ಕಿತ್ತು, ನಡುವಿನ ಬಟ್ಟೆಯ ಒಳಗಡೆ ಐದು ಕಡೆ ಮೈದಾ ಅಂಟಿನ ಚುಕ್ಕಿಯಿಂದ ಅಂಟಿಸಿದಳು. ಅಂದಿನಿಂದ ಸೋಮವಾರ ಬಿಟ್ಟು ಉಳಿದೆಲ್ಲ ದಿನ, ಇಣುಕಪ್ಪ ಊಟದ ಡಬ್ಬಿ ಹಿಡಿದು ಹೊರಗೆ ಹೋದ ಕೂಡಲೇ, ಅವಳು ಆ ಬಟ್ಟೆಯನ್ನು ಹುಷಾರಾಗಿ ಎತ್ತಿ ಮೊಳೆಗೆ ಸಿಕ್ಕಿಸುತ್ತಿದ್ದಳು. ಐದೂ ಕೂದಲು ನೋಡುವುದು. ಆಮೇಲೆ ಪಾಚಿ ಎಷ್ಟು ಹಬ್ಬಿದೆ, ಗಾಜಿನ ಮೇಲೆ ಗೀರು ಬಿದ್ದಿದೆಯೇ, ಮಣ್ಣಿನ ಬಣ್ಣ ಬದಲಾಗಿದೆಯೇ ಎಂದು ನಾಲ್ಕೂ ಪೆಟ್ಟಿಗೆಗಳನ್ನು ಮೇಲಿನಿಂದ ಕೆಳಗೆ ನೋಡುವುದು. ಏನಾದರೂ ಸುರಿದಿದ್ದಾನೋ ಎಂದು ಮಣ್ಣು ಮೂಸಿಯೂ ನೋಡುತ್ತಿದ್ದಳು. ಹೊಸ ಕೂದಲು ಅಂಟಿಸಿ ಬಟ್ಟೆ ಇಳಿಸುವ ಹೊತ್ತಿಗೆ ನಲವತ್ತು ನಿಮಿಷವಾಗುತ್ತಿತ್ತು. ನೆತ್ತಿಯ ಮೇಲಿನ ಗಾಜಿನಿಂದ ಮಧ್ಯಾಹ್ನದ ಬಿಸಿಲು ನೇರ ಇಳಿಯುತ್ತಿತ್ತು. ನೋಡಿದ್ದನ್ನು ಬರೆಯದೆ ಬಿಡುವವಳಲ್ಲವಾದ್ದರಿಂದ ರಿಜಿಸ್ಟರಿನ ಹಿಂಬದಿಯ ಖಾಲಿ ಪುಟಗಳಲ್ಲಿ ದಿನ, ಎತ್ತಿದ ಹೊತ್ತು, ಇಳಿಸಿದ ಹೊತ್ತು, ಕೂದಲಿನ ಸ್ಥಿತಿ, ಎಲ್ಲವನ್ನೂ ಗೆರೆ ಎಳೆದು ದಾಖಲಿಸಿದಳು.

ಏಳನೆಯ ವಾರದ ಗುರುವಾರ ಎರಡು ಕೂದಲು ಕಿತ್ತುಹೋಗಿದ್ದವು.

ಅವಳಿಗೆ ಕೋಪಕ್ಕಿಂತ ಮೊದಲು ಒಂದು ಬಗೆಯ ಖುಷಿಯಾಯಿತು. ಊಟ ಮುಗಿಸಿ ಇಣುಕಪ್ಪ ಬಂದಾಗ ಕೇಳಿದಳು. "ನಿಮ್ಮ ಕೋಲಿಗೆ ಕಣ್ಣಿರೋದು ಒಂದೇ ಕಡೆ ತಾನೆ?"

"ಹೌದಕ್ಕಾ. ಯಾಕೆ?"

"ಸುಮ್ಮನೆ. ಇನ್ನೊಂದು ಕಡೆಗೂ ಇದೆಯೇನೋ ಅನ್ನಿಸ್ತು."

ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಳು. ಅದನ್ನೂ ಬರೆದುಕೊಂಡಳು.

ಎಂಟನೆಯ ವಾರ ಇನ್ನೊಮ್ಮೆ ಕೂದಲು ಕಿತ್ತುಹೋಯಿತು. ನಡುವಿನ ನಾಲ್ಕು ಪೆಟ್ಟಿಗೆಗಳ ಲೆಕ್ಕ ಮಾತ್ರ ವಾರವಾರಕ್ಕೆ ಕುಸಿಯುತ್ತ ಬಂತು. ನೂರ ನಲವತ್ತು, ತೊಂಬತ್ತೆರಡು, ಅರವತ್ತೊಂದು. ಪಾಚಿ ದಪ್ಪವಾಯಿತು. ಗಾಜಿಗೆ ಒರಗಿದ್ದ ಬೆಳ್ಳನೆಯ ತುದಿಗಳು ಕಂದು ಬಣ್ಣಕ್ಕೆ ತಿರುಗಿ ನಿಂತುಬಿಟ್ಟವು. ಅವನ ಮೇಲಿನ ಅನುಮಾನ ಈಗ ಅನುಮಾನವಾಗಿ ಉಳಿದಿರಲಿಲ್ಲ, ತೀರ್ಪೇ ಆಗಿತ್ತು.

ಹತ್ತನೆಯ ವಾರ ಪೆಟ್ಟಿಗೆ ಬಿಚ್ಚಿದರು. ತೊಟ್ಟಿಯ ಎರಡು ಬದಿಯಲ್ಲಿ ಇಬ್ಬರೂ ಕೂತು ಮೂರು ದಿನ ಬೇರು ತೊಳೆದರು. ಇಣುಕಪ್ಪನಿಗೆ ಸತ್ತ ಬೇರಿಗೂ ಬದುಕಿದ ಬೇರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನ ತಟ್ಟೆಯಿಂದ ಅವಳು ಮಾತಿಲ್ಲದೆ ಚಿಮುಟದಲ್ಲಿ ಹೆಕ್ಕಿ ಹೆಕ್ಕಿ ಪಕ್ಕಕ್ಕಿಟ್ಟಳು. ಕೊನೆಗೆ ತೊಳೆದ ಬೇರಿನ ಲೆಕ್ಕ ಬಂದಾಗ ಗೊತ್ತಾದದ್ದು ಇಷ್ಟು. ನಡುವಿನ ನಾಲ್ಕು ಪೆಟ್ಟಿಗೆಗಳ ಬೇರು ಉಳಿದವಕ್ಕಿಂತ ನೂರಕ್ಕೆ ಆರರಷ್ಟು ಮಾತ್ರ ಕಡಿಮೆ. ಬೇರುಗಳು ಸತ್ತಿರಲಿಲ್ಲ. ಗಾಜನ್ನು ಬಿಟ್ಟು ಹಿಂದಿನ ಕತ್ತಲಿಗೆ ಸರಿದುಕೊಂಡಿದ್ದವು.

ದೊಡ್ಡ ಮೇಡಂ ಇಬ್ಬರನ್ನೂ ಕರೆಸಿದರು. "ಈ ನಾಲ್ಕರಲ್ಲಿ ಕೊಳವೆ ಸರಿಯಾಗಿ ಹೇಳಿದೆ. ಗಾಜು ತುಂಬ ಕಮ್ಮಿ ಹೇಳ್ತಿದೆ. ಏನು ಬೇರಕ್ಕ ಇದು?"

"ಗಾಜಿನ ತಪ್ಪಲ್ಲ ಮೇಡಂ. ಯಾರೋ ಬಟ್ಟೆ ಎತ್ತಿ ಬೆಳಕು ಬಿಟ್ಟಿದ್ದಾರೆ." ಅವಳು ಯಾರ ಕಡೆಗೂ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ.

ಇಣುಕಪ್ಪ ಒಂದು ಹೆಜ್ಜೆ ಮುಂದೆ ಬಂದ. "ನಾನು ಎತ್ತಿದೀನಿ ಮೇಡಂ. ಮೂರು ಸಲ."

ಅಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಬೇರಕ್ಕ ಎಣಿಸಿರಲಿಲ್ಲ.

"ಮೇಲಿನ ಒಂದು ಗೇಣಿನಲ್ಲಿ ನನ್ನ ಚಿತ್ರಗಳಲ್ಲಿ ಬೇರು ಕಾಣ್ತಾನೇ ಇರಲಿಲ್ಲ. ಕ್ಯಾಮೆರಾ ಕೆಟ್ಟಿದೆಯೋ, ನಾನು ಕೊಳವೆ ಸರಿಯಾಗಿ ಇಳಿಸಿಲ್ಲವೋ ಅಂತ ಭಯ. ಅಕ್ಕನ್ನ ಕೇಳಿದೆ, ಹೇಳಲಿಲ್ಲ. ಹೇಳಬಾರದಿತ್ತು, ಸರಿ. ನಾಲ್ಕನೇ ಸೋಮವಾರದ ಹಿಂದಿನ ಭಾನುವಾರ ಬಟ್ಟೆ ಎತ್ತಿ ನೋಡಿದೆ. ಇಳಿಸೋದು ಮರೆತು ಮನೆಗೆ ಹೋದೆ. ಬೆಳಿಗ್ಗೆ ಹತ್ತಕ್ಕೆ ಎತ್ತಿದ್ದು, ನೆನಪಾಗಿ ವಾಪಸ್ ಬಂದು ಇಳಿಸಿದಾಗ ನಾಲ್ಕು ಗಂಟೆ. ಆಮೇಲೆ ಎರಡು ಸಲ, ಹತ್ತು ಹತ್ತು ನಿಮಿಷ."

ಮೇಡಂ ಒಂದು ಕಾಗದ ಎಳೆದುಕೊಂಡರು. "ನಾಳೆಯಿಂದ ನೀವು ಬರೋದು ಬೇಡ. ನಿಮ್ಮ ಒಪ್ಪಂದ ರದ್ದು ಮಾಡೋಕೆ ಬರೀತೀನಿ. ಬೇರಕ್ಕ, ರಿಜಿಸ್ಟರ್ ತನ್ನಿ, ತಾರೀಕು ಬೇಕು."

ಬೇರಕ್ಕ ಗೆದ್ದವಳ ಹೆಜ್ಜೆ ಹಾಕುತ್ತ ಕೋಣೆಗೆ ಬಂದಳು. ಪೆಟ್ಟಿಗೆಗಳು ಖಾಲಿಯಾಗಿ, ಗಾಜುಗಳು ಗೋಡೆಗೆ ಒರಗಿದ್ದವು. ರಿಜಿಸ್ಟರ್ ತೆಗೆದು ಅವನ ಮೂರು ದಿನಗಳಿಗೆ ಚೀಟಿ ಸಿಕ್ಕಿಸಲು ಕೂತಳು. ಭಾನುವಾರದ್ದಕ್ಕೆ 'ಗಾಜು ಬೆವರಿದೆ' ಎಂಬ ಷರಾ ಸಾಕ್ಷಿ. ಉಳಿದೆರಡಕ್ಕೆ ಹಿಂದಿನ ಪುಟಗಳು. ಹಿಂದಿನ ಪುಟ ತೆರೆದಳು.

ಅವನ ಎರಡು ಸಾಲುಗಳಿಗಾಗಿ ಬೆರಳು ಕೆಳಗಿಳಿಸುತ್ತ ಹೋದಂತೆ, ಅವಳದೇ ಸಾಲುಗಳು ಒಂದರ ಕೆಳಗೊಂದು ಬಂದವು. ಎತ್ತಿದ್ದು ಒಂದು ಗಂಟೆ, ಇಳಿಸಿದ್ದು ಒಂದು ನಲವತ್ತು. ಎತ್ತಿದ್ದು ಒಂದು ಗಂಟೆ, ಇಳಿಸಿದ್ದು ಒಂದು ನಲವತ್ತು. ಬೆರಳು ನಿಂತಿತು. ಎಣಿಸುವುದು ಬೇಡವೆಂದರೂ ಕಣ್ಣು ಎಣಿಸಿಬಿಟ್ಟಿತು. ಇಪ್ಪತ್ತೆರಡು.

ಮುಂದಿನ ಪುಟಗಳ ಲೆಕ್ಕ ನೋಡಿದಳು. ಅವನ ಭಾನುವಾರದ ಮರುವಾರ ನೂರ ಎಪ್ಪತ್ತೊಂದು. ಅದರ ಮರುವಾರ ಇನ್ನೂರ ಮೂವತ್ತೆಂಟು. ಬೇರು ಆ ಪೆಟ್ಟನ್ನು ಒಂದು ವಾರದಲ್ಲಿ ಸುಧಾರಿಸಿಕೊಂಡಿತ್ತು. ಕುಸಿತ ಶುರುವಾದದ್ದು ಕೂದಲು ಅಂಟಿಸಿದ ವಾರದಿಂದ. ಒಂದು ಚೀಟಿಯ ಹಿಂಬದಿಯಲ್ಲಿ ಗುಣಿಸಿದಳು. ಅವನು ತೋರಿಸಿದ ಬೆಳಕು ಮುನ್ನೂರ ಎಂಬತ್ತು ನಿಮಿಷ. ತಾನು ತೋರಿಸಿದ್ದು ಎಂಟುನೂರ ಎಂಬತ್ತು, ಅದೂ ನೆತ್ತಿಯ ಬಿಸಿಲಲ್ಲಿ.

ಹಿಂದಿನ ಪುಟಗಳು ಯಾವ ನಮೂನೆಗೂ ಸೇರಿದವಲ್ಲ. ಹರಿದು ಮಡಚಿ ಚೀಲಕ್ಕೆ ಹಾಕಿಕೊಂಡರೆ ಕೇಳುವವರಿಲ್ಲ. ಮುಂದಿನ ಪುಟಗಳ ಜೊತೆಗೆ ಅವನ ತಪ್ಪೊಪ್ಪಿಗೆಯಿತ್ತು. ಗಾಜು ಉಳಿಯುತ್ತಿತ್ತು, ಕೋಣೆ ಉಳಿಯುತ್ತಿತ್ತು. ಅವಳು ಸ್ಟೂಲಿನ ಮೇಲೆ ಕೂತು ರಿಜಿಸ್ಟರಿನ ಹೊಲಿಗೆಯ ಬಳಿ ಹಾಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಎದುರಿಗೆ ಎಣಿಕೆಯ ಚೌಕಳಿಯ ಮೇಲೆ ಕಳೆದ ಸೋಮವಾರದ ದಾರದ ತುಂಡುಗಳು ಹಾಗೇ ಚೆಲ್ಲಿದ್ದವು. ಹತ್ತು ಸೆಂಟಿಮೀಟರ್ ಕಡಿಮೆ ಕೊಟ್ಟದ್ದಕ್ಕೆ ಗಂಡನ ಜೊತೆ ಎರಡು ದಿನ ಮಾತು ಬಿಟ್ಟವಳು ಅವಳು.

ಮೇಡಂ ಕೋಣೆಗೆ ಹಿಂತಿರುಗುವಾಗ ಹೆಜ್ಜೆ ಮೊದಲಿನಂತಿರಲಿಲ್ಲ. ರಿಜಿಸ್ಟರನ್ನು ಹಿಂದಿನ ಪುಟಕ್ಕೇ ತೆರೆದು ಮೇಜಿನ ಮೇಲಿಟ್ಟಳು.

"ಇವರದು ಮುನ್ನೂರ ಎಂಬತ್ತು ನಿಮಿಷ ಮೇಡಂ. ನಂದು ಎಂಟುನೂರ ಎಂಬತ್ತು."

"ಏನದು?"

"ಇವರು ಬಟ್ಟೆ ಎತ್ತುತ್ತಾರಾ ಅಂತ ನೋಡೋಕೆ ನಾನು ದಿನಾ ಬಟ್ಟೆ ಎತ್ತಿದೀನಿ. ಯಾರ ಕೈ ಅಂತ ಬೇರಿಗೆ ಗೊತ್ತಾಗುತ್ತಾ?"

ಮೇಡಂ ಪುಟ ತಿರುವಿದರು. ಇನ್ನೊಂದು ಪುಟ ತಿರುವಿದರು. 'ಕಿವಿ ಕೆಂಪಾಯಿತು' ಎಂಬ ಸಾಲಿನ ಹತ್ತಿರ ಅವರ ಹುಬ್ಬು ಮೇಲೇರಿತು. "ನಿಮಗೆ ವಿರುದ್ಧವಾದ ಸಾಕ್ಷೀನ ನೀವೇ ಗೆರೆ ಎಳೆದು ಬರೆದಿಟ್ಟಿದ್ದೀರಲ್ಲ!"

"ಬರೀದೇ ಇರೋಕೆ ನಂಗೆ ಬರಲ್ಲ ಮೇಡಂ."

ಇಣುಕಪ್ಪ ಪಕ್ಕದಿಂದ ಕುತ್ತಿಗೆ ಚಾಚಿ ಪುಟವನ್ನು ನೋಡಿದ. "ಕೂದಲಾ? ನಾನು ಅದನ್ನ ಕ್ಯಾಮೆರಾ ಒರೆಸೋ ಬಟ್ಟೆ ಎಳೆ ಅಂದ್ಕೊಂಡೆ, ಅಕ್ಕಾ."

"ನೋಡಿ ಮೇಡಂ, ಎಳೆಗೂ ಕೂದಲಿಗೂ ವ್ಯತ್ಯಾಸ ಗೊತ್ತಾಗಲ್ಲ. ಇವರು ಬೇರು ನೋಡ್ತಾರಂತೆ."

ಮೇಡಂ ನಗಲಿಲ್ಲ, ಆದರೆ ಒಪ್ಪಂದ ರದ್ದು ಮಾಡುವ ಕಾಗದವನ್ನು ಹಾಗೇ ಮೇಜಿನ ಖಾನೆಗೆ ಹಾಕಿದರು. ನಡುವಿನ ನಾಲ್ಕು ಪೆಟ್ಟಿಗೆಗಳನ್ನು ಲೆಕ್ಕದಿಂದ ತೆಗೆದುಹಾಕಿ, ಕಾರಣವನ್ನು ಇಬ್ಬರ ಕೈಯಲ್ಲೂ ಬರೆಸಿ ಸಹಿ ಮಾಡಿಸಿದರು. ಉಳಿದ ಎಂಟರಲ್ಲಿ ಮೇಲಿನ ಒಂದು ಗೇಣಿಗೆ ಗಾಜು ನಿಜಕ್ಕೆ ಹತ್ತಿರವಿತ್ತು, ಆಳಕ್ಕೆ ಹೋದಂತೆ ಕೊಳವೆ. "ಎಂಟು ಪೆಟ್ಟಿಗೆ ನೋಡಿ ನಾನೇನೂ ತೀರ್ಮಾನ ಮಾಡಲ್ಲ. ಇನ್ನೊಂದು ಬೆಳೆ. ಅದಾದ ಮೇಲೂ ಉಗ್ರಾಣದ ಮಾತು ಇದ್ದೇ ಇದೆ. ಈ ಸಲ ಬಟ್ಟೆಗೆ ಬೀಗ ಇರುತ್ತೆ. ಬೀಗದ ಕೈ ಇವರ ಹತ್ತಿರ."

"ಇವರ ಹತ್ತಿರಾನಾ?" ಬೇರಕ್ಕನ ದನಿ ಏರಿತು.

"ಅವರ ಕ್ಯಾಮೆರಾ ಇಡೋ ಪೆಟ್ಟಿಗೆಯ ಬೀಗದ ಕೈ ನಿಮ್ಮ ಹತ್ತಿರ. ಸೋಮವಾರ ಅವರು ಬಂದು ನಿಮಗೆ ತೆಗೆದುಕೊಡಬೇಕು, ಅವರ ದಿನ ನೀವು ಹೋಗಿ ತೆಗೆದುಕೊಡಬೇಕು."

ಗಂಡ ಬಟ್ಟೆಗಳ ಅಂಚಿಗೆ ಲೋಹದ ಕಣ್ಣುಗಳನ್ನು ಕೂರಿಸಿ ಬೀಗ ತೂರುವಂತೆ ಮಾಡಿಕೊಟ್ಟ. ಹೊಲಿಯುವಾಗ ಒಂದು ಮಾತೂ ಆಡಲಿಲ್ಲ. ಆಡದೆ ಇರುವುದರಲ್ಲೇ ಅವನಿಗೆ ಎಷ್ಟು ಸುಖವಾಗುತ್ತಿದೆಯೆಂದು ಅವಳಿಗೆ ತಿಳಿಯುತ್ತಿತ್ತು.

ಹೊಸ ಬೆಳೆಯ ಎರಡನೆಯ ವಾರ, ಬುಧವಾರ ಮಧ್ಯಾಹ್ನ, ಬೇರಕ್ಕ ನಡುವಿನ ಬಟ್ಟೆಯ ಮುಂದೆ ನಿಂತಿದ್ದಳು. ಕೈ ತಾನಾಗಿಯೇ ಅಂಚಿಗೆ ಹೋಗಿತ್ತು.

"ಅಕ್ಕಾ, ಬೀಗದ ಕೈ ಬೇಕಾ?" ಬಾಗಿಲಲ್ಲಿ ಇಣುಕಪ್ಪ. ಊಟದ ಡಬ್ಬಿ ಕಂಕುಳಲ್ಲಿತ್ತು.

"ಇವತ್ತು ಯಾವ ವಾರ?"

"ಬುಧವಾರ."

"ಮತ್ಯಾಕೆ ಕೇಳ್ತೀರಿ? ಹೋಗಿ, ಊಟ ಆರುತ್ತೆ."

ಅವನು ಹೋದ. ಹೆಜ್ಜೆಯ ಸದ್ದು ಮೊಗಸಾಲೆಯ ತಿರುವಿನವರೆಗೂ ಹೋದದ್ದನ್ನು ಕೇಳಿಸಿಕೊಂಡು, ಅವಳು ಬೀಗವನ್ನು ಒಮ್ಮೆ ಎಳೆದು ನೋಡಿದಳು. ಇನ್ನೊಮ್ಮೆ ಎಳೆದಳು. ಆಮೇಲೆ ಸ್ಟೂಲಿನ ಮೇಲೆ ಕೂತು ರಿಜಿಸ್ಟರಿನ ಹಿಂದಿನ ಪುಟ ತೆರೆದು ಬರೆದಳು: ಬುಧವಾರ, ಒಂದು ಗಂಟೆ. ಬೀಗ ಭದ್ರ. ಬಟ್ಟೆ ಎತ್ತಿಲ್ಲ.